ಅಸಲಿ ಎಂದು ಮಾರಿದ ಮೇಲೆ ಹೊಣೆ ಯಾರದು?

ಹಳೆಯ ನಾಣ್ಯ, ಕೈಗಡಿಯಾರ, ಆಟಗಾರರ ಚಿತ್ರವಿರುವ ಕಾರ್ಡು. ಇಂಥದ್ದೇನನ್ನೋ ಅಸಲಿ ಎಂದು ನಂಬಿ ಕೊಂಡ ಮೇಲೆ ಅದು ನಕಲಿ ಎಂದು ಗೊತ್ತಾದರೆ ನಷ್ಟ ಯಾರ ತಲೆಗೆ? ಮಾರಿದವರ ತಲೆಗೇ ಎಂದು ಈಗ ಸಲೀಸಾಗಿ ಹೇಳುತ್ತೇವೆ. ಕಾನೂನು ಆ ಮಾತಿಗೆ ಬರಲು ಸುಮಾರು ಮುನ್ನೂರು ವರ್ಷ ಹಿಡಿಯಿತು. ಪೂರ್ತಿ ಇನ್ನೂ ಬಂದಿಲ್ಲ.

ಇಂಗ್ಲೆಂಡಿನ 1603ರ ಒಂದು ಮೊಕದ್ದಮೆ ನೋಡಿ. ಅಕ್ಕಸಾಲಿಗನೊಬ್ಬ ಒಂದು ಕಲ್ಲನ್ನು ‘ಬೆಜೋರ್’ ಎಂದು ಹೇಳಿ 100 ಪೌಂಡಿಗೆ ಮಾರಿದ್ದ. ಪ್ರಾಣಿಗಳ ಹೊಟ್ಟೆಯಲ್ಲಿ ಬೆಳೆಯುವ ಈ ಗಟ್ಟಿ ಉಂಡೆ ವಿಷ ಇಳಿಸುತ್ತದೆ ಎಂದು ಆಗಿನವರ ನಂಬಿಕೆ. ಇದು ಬೆಜೋರ್ ಅಲ್ಲವೇ ಅಲ್ಲ ಎಂದು ಕೊಂಡವನು ಕೋರ್ಟಿಗೆ ಹೋದ. ಸೋತ. ಸುಮ್ನೆ ‘ಇದು ಬೆಜೋರ್’ ಎಂದರೆ ಸಾಲದು. ಅದಕ್ಕೆ ನಾನು ಹೊಣೆ ಎಂದು ಮಾತು ಕೊಟ್ಟಿರಬೇಕು, ಇಲ್ಲವೇ ಸುಳ್ಳೆಂದು ಗೊತ್ತಿದ್ದೂ ಹೇಳಿರಬೇಕು ಎಂದಿತು ಕೋರ್ಟು.

1893ರ ಬ್ರಿಟಿಷ್ ಸರಕು ಮಾರಾಟ ಕಾಯ್ದೆ ಈ ಲೆಕ್ಕವನ್ನು ತಿರುಗಿಸಿತು. ವಿವರಣೆ ಕೊಟ್ಟು ಮಾರಿದ ಸರಕು ಆ ವಿವರಣೆಗೆ ಹೊಂದಲೇಬೇಕು. ಮಾರುವವರಿಗೆ ನಿಜ ಗೊತ್ತಿತ್ತೋ ಇಲ್ಲವೋ, ಅದು ಬೇರೆ ಮಾತು.

ಆದರೂ ಹಳೆಯ ವಸ್ತುಗಳ ವಿಷಯ ಬಂದಾಗ ಕೋರ್ಟುಗಳು ಹಿಂದೆಮುಂದೆ ನೋಡಿದವು. 1944ರಲ್ಲಿ ಒಬ್ಬರು ಹೆಸರಾಂತ ಇಂಗ್ಲಿಷ್ ಚಿತ್ರಕಾರ ಜಾನ್ ಕಾನ್‌ಸ್ಟೆಬಲ್ ಬರೆದ ಚಿತ್ರ ಎಂಬ ಮಾತು ನಂಬಿ 85 ಪೌಂಡ್ ಕೊಟ್ಟರು. ಐದು ವರ್ಷದ ನಂತರ ಮಾರಲು ಹೋದಾಗ ಅದು ಕಾನ್‌ಸ್ಟೆಬಲ್‌ನದಲ್ಲ ಎಂದು ತಿಳಿಯಿತು. ಚಿತ್ರ ಹಿಂತಿರುಗಿಸಿ ದುಡ್ಡು ಕೇಳಲು ತಡವಾಯಿತು ಎಂದು 1950ರಲ್ಲಿ ತೀರ್ಪು ಬಂತು. ಪರಿಹಾರ ಕೇಳುವ ದಾರಿ ಇತ್ತು, ಅವರು ಅದನ್ನು ಹಿಡಿದಿರಲಿಲ್ಲ, ನಿಜ. ಆದರೂ ಈ ತೀರ್ಪು ನನಗೆ ಒಗ್ಗುವುದಿಲ್ಲ. ನಕಲಿ ಹೊರಬೀಳುವುದೇ ಹೆಚ್ಚಾಗಿ ಮತ್ತೆ ಮಾರುವಾಗ, ಅಲ್ವಾ?

ಅಮೆರಿಕದ ದಾರಿ ಬೇರೆ. 1973ರ ಕಾಯ್ದೆಯ ಪ್ರಕಾರ ಹಳೆಯ ನಾಣ್ಯಗಳ ಪಡಿಯಚ್ಚಿನ ಮೇಲೆ ‘ಕಾಪಿ’ ಎಂದು ಅಚ್ಚೊತ್ತಬೇಕು. ಮೊದಲು ಈ ಹೊಣೆ ತಯಾರಿಸುವವರದು, ಆಮದು ಮಾಡುವವರದು ಮಾತ್ರ. ಗುರುತಿಲ್ಲದ ನಕಲನ್ನು ಮಾರುವವರನ್ನೂ ಕಾನೂನು ಹಿಡಿದದ್ದು 2014ರ ತಿದ್ದುಪಡಿಯಿಂದ.

ಅಷ್ಟರಲ್ಲಿ ಮಾರುವವರಿಗೆ ಒಂದು ಗುರಾಣಿ ಸಿಕ್ಕಿತ್ತು. 1986ರಿಂದ ನಾಣ್ಯಗಳನ್ನು, 1991ರಿಂದ ಕಾರ್ಡುಗಳನ್ನು ಪರೀಕ್ಷಿಸಿ, ದರ್ಜೆ ಕೊಟ್ಟು, ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿಕೊಡುವ ಕಂಪನಿಗಳು ಬಂದವು. ‘ನಾನು ಹೇಳಿದ್ದಲ್ಲ, ಅವರು ಹೇಳಿದ್ದು’ ಎನ್ನುವುದು ಸುಲಭವಾಯಿತು. ಬೇಸ್‌ಬಾಲ್ ಆಟಗಾರ ಹೋನಸ್ ವ್ಯಾಗ್ನರ್‌ನ ಅತಿ ಪ್ರಸಿದ್ಧ ಕಾರ್ಡಿಗೆ 10ರಲ್ಲಿ 8ರ ದರ್ಜೆ ಸಿಕ್ಕಿತ್ತು. 2007ರಲ್ಲಿ ಅದು 28 ಲಕ್ಷ ಡಾಲರಿಗೆ ಹೋಯಿತು. ಒಂದು ಕಾಲಕ್ಕೆ ಅದನ್ನು ಕೊಂಡು ಮಾರಿದ್ದ ಬಿಲ್ ಮಾಸ್ಟ್ರೊ, ಅಂಚು ಕತ್ತರಿಸಿ ಚೆಂದ ಮಾಡಿದ್ದು ತಾನೇ ಎಂದು 2013ರಲ್ಲಿ ಕೋರ್ಟಿನಲ್ಲಿ ಒಪ್ಪಿಕೊಂಡ. ಕಾರ್ಡು ನಕಲಿಯಲ್ಲ, ಆದರೆ ಹೇಳಿದಂಥದ್ದೂ ಅಲ್ಲ. ಕವಚ ಅದನ್ನು ಹಿಡಿಯಲಿಲ್ಲ. ತನ್ನ ಕೈಲಿದ್ದ ವಸ್ತುವಿಗೆ ಏನಾಗಿದೆ ಎಂದು ಎಲ್ಲರಿಗಿಂತ ಜಾಸ್ತಿ ಗೊತ್ತಿದ್ದವನು ಮಾರಿದವನೇ.

ಈಗ ಮಾರಾಟ ಆನ್‌ಲೈನಿನಲ್ಲಿ. ತನ್ನ ಹೆಸರಿನ ನಕಲಿ ಸಾಮಾನು ಮಾರಾಟವಾಗುತ್ತಿದೆ ಎಂದು ಒಡವೆ ಕಂಪನಿ ಟಿಫಾನಿ ಹೂಡಿದ ಮೊಕದ್ದಮೆಯಲ್ಲಿ ಅಮೆರಿಕದ ಮೇಲ್ಮನವಿ ಕೋರ್ಟು 2010ರಲ್ಲಿ ಮಾರಾಟ ತಾಣ ಇಬೇ ಪರ ನಿಂತಿತು. ನಕಲಿ ಸಾಮಾನು ಎಲ್ಲೋ ಇದೆ ಎಂದು ತಾಣಕ್ಕೆ ಸಾಮಾನ್ಯವಾಗಿ ಗೊತ್ತಿದ್ದರೆ ಸಾಲದು, ಇಂಥದ್ದೇ ಎಂದು ಗೊತ್ತಿರಬೇಕು ಎಂಬುದು ಅದರ ವಾದ. ದೊಡ್ಡ ಮಾರಾಟಗಾರರ ಗುರುತನ್ನು ತಾಣಗಳು ಪರಿಶೀಲಿಸಬೇಕು ಎಂಬ ಕಾನೂನು ಅಲ್ಲಿ 2023ರ ಜೂನ್‌ನಲ್ಲಿ ಜಾರಿಗೆ ಬಂತು. ವರ್ಷಕ್ಕೆ 200 ಮಾರಾಟ, 5,000 ಡಾಲರ್ ವಹಿವಾಟು ಎರಡನ್ನೂ ಮುಟ್ಟಿದವರು ಅದರ ಲೆಕ್ಕಕ್ಕೆ ಸೇರುತ್ತಾರೆ. ಎಣಿಸುವುದು ಮಾತ್ರ ಹೊಸ ಅಥವಾ ಬಳಸದ ಸರಕಿನ ಮಾರಾಟವನ್ನು. ಯಾರೋ ಕಟ್ಟಿ ಬಿಟ್ಟ ಹಳೆಯ ಗಡಿಯಾರ ಆ ಎಣಿಕೆಗೆ ಬರುವುದಿಲ್ಲ.