ಪದ ಪರಿಚಯ: ಆತ್ಮಿಕ ಅಜ್ಞಾನ

ಮಲೆನಾಡಿನವರಿಗೆ ಅಜ್ಞಾನ ಎಂದ ಕೂಡಲೇ ಶೃಂಗೇರಿಯ ವೇದಾಂತ ನೆನಪಾಗುತ್ತದೆ. ಮಬ್ಬುಗತ್ತಲಲ್ಲಿ ಹಗ್ಗ ಹಾವಾಗಿ ಕಂಡಂತೆ, ಮನುಷ್ಯ ತನ್ನ ನಿಜಸ್ವರೂಪವನ್ನೇ ತಪ್ಪಾಗಿ ಗ್ರಹಿಸುವುದು ಅಲ್ಲಿನ ಅಜ್ಞಾನ. ಚರ್ಚಿನ ಪ್ರಬೋಧನೆಯಲ್ಲಿ ಈ ಮಾತು ಬಂದಾಗಲೂ ಅದೇ ಅರ್ಥ ಹಚ್ಚಿಕೊಂಡರೆ ಮುಂದಿನದೆಲ್ಲ ತಪ್ಪುತ್ತದೆ. ಕ್ರೈಸ್ತ ನಂಬಿಕೆಯಲ್ಲಿ ದೇವರು ಸೃಷ್ಟಿಕರ್ತ, ಮನುಷ್ಯ ಸೃಷ್ಟಿ. ಇಬ್ಬರೂ ಒಂದೇ ಅಲ್ಲ. ಹಾಗಾಗಿ ಇಲ್ಲಿ ಅಜ್ಞಾನವೆಂದರೆ ತನ್ನನ್ನು ಉಂಟುಮಾಡಿದ ದೇವರೊಂದಿಗೆ ಇರಬೇಕಾದ ಒಡನಾಟ ಕಡಿದುಹೋಗಿರುವುದು. ಎಫೆಸದವರಿಗೆ ಬರೆದ ಪತ್ರದಲ್ಲಿ (4:18) ಅಪೊಸ್ತಲ ಪೌಲನು ಇದರ ಬೇರನ್ನೂ ತೋರಿಸುತ್ತಾನೆ: ಬುದ್ಧಿ ಮಂಕಾಗಿದೆ, ದೇವರ ಜೀವದಿಂದ ಜನ ದೂರವಾಗಿದ್ದಾರೆ, ಅದಕ್ಕೆ ಕಾರಣ ಅವರೊಳಗಿನ ಅಜ್ಞಾನ ಮತ್ತು ಕಲ್ಲಾದ ಹೃದಯ. ಓದಿನ ಕೊರತೆಯ ಮಾತು ಅಲ್ಲಿ ಇಲ್ಲ.

ಇದಕ್ಕೆ ಬೈಬಲಿನಲ್ಲಿರುವ ಅತ್ಯಂತ ಕಟುವಾದ ಉದಾಹರಣೆ ಯಾಜಕರದ್ದೇ. ಶೀಲೋವಿನ ದೇವಾಲಯದಲ್ಲಿ ಯಾಜಕ ಏಲಿಯ ಮಕ್ಕಳಾದ ಹೊಫ್ನಿ ಮತ್ತು ಫೀನೆಹಾಸ ಸೇವೆಗಿದ್ದರು. ಜನ ಬಲಿಯ ಮಾಂಸ ಬೇಯಿಸುತ್ತಿರುವಾಗ ಇವರ ಆಳು ಮೂರು ಮೊನೆಯ ಕೊಕ್ಕೆ ಹಿಡಿದು ಬರುತ್ತಿದ್ದ. ಪಾತ್ರೆಗೆ ಚುಚ್ಚಿ ಎತ್ತಿದಾಗ ಸಿಕ್ಕಿದ್ದೆಲ್ಲ ಯಾಜಕನ ಪಾಲು. ಕೊಬ್ಬನ್ನು ದೇವರಿಗೆ ಸುಡುವ ಮೊದಲೇ ಹಸಿ ಮಾಂಸ ಕೊಡು ಎಂದು ಕೇಳುವುದು, ಕೊಡದಿದ್ದರೆ ಬಲವಂತವಾಗಿ ಕಿತ್ತುಕೊಳ್ಳುವುದು ಅವರ ರೂಢಿಯಾಗಿತ್ತು. ಬಲಿಯ ನಿಯಮ, ಹಬ್ಬದ ಲೆಕ್ಕ, ಮಂತ್ರ ಯಾವುದೂ ಗೊತ್ತಿಲ್ಲದವರಲ್ಲ. ಆದರೂ ಸಮುವೇಲನ ಮೊದಲನೆಯ ಗ್ರಂಥ (2:12) ಅವರು ಕರ್ತನನ್ನು ಅರಿಯದವರು ಎನ್ನುತ್ತದೆ.

ಮುಂದಿನ ಅಧ್ಯಾಯದಲ್ಲಿ ಏಲಿಯ ಕೈಕೆಳಗೆ ಸೇವೆಗಿದ್ದ ಬಾಲಕ ಸಮುವೇಲನ ಬಗ್ಗೆಯೂ ಅವನಿಗೆ ಇನ್ನೂ ಕರ್ತನ ಅರಿವಿರಲಿಲ್ಲ ಎಂದೇ ಬರೆದಿದೆ (3:7). ಆದರೆ ಅವನದು ಬೇರೆ ಬಗೆ. ದೇವರು ಕರೆದಾಗ ಏಲಿ ಕರೆದನೆಂದುಕೊಂಡು ಮೂರು ಸಲ ಎದ್ದು ಓಡುತ್ತಾನೆ. ಹೇಗೆ ಉತ್ತರಿಸಬೇಕೆಂದು ಏಲಿ ಹೇಳಿಕೊಟ್ಟ ಮೇಲೆ ನಾಲ್ಕನೇ ಸಲ ಕಿವಿಗೊಡುತ್ತಾನೆ. ಒಂದು ಇನ್ನೂ ಪರಿಚಯವಾಗದ ಅಜ್ಞಾನ, ಇನ್ನೊಂದು ಪರಿಚಯವೇ ಬೇಡವೆಂಬ ಅಜ್ಞಾನ. ಮೊದಲನೆಯದಕ್ಕೆ ಕಲಿಸುವವರು ಬೇಕು, ಎರಡನೆಯದಕ್ಕೆ ಪಶ್ಚಾತ್ತಾಪವೇ ಬೇಕು. ಮೊಂಡುತನಕ್ಕೆ ಪಾಠ ಹೇಳಿದರೆ ಕಲಿತ ಮೊಂಡ ತಯಾರಾಗುತ್ತಾನೆ. ಹೆದರಿ ಗೊಂದಲದಲ್ಲಿರುವವನಿಗೆ ಬೈದರೆ ಅವನು ಚರ್ಚಿನ ಮೆಟ್ಟಿಲನ್ನೇ ಬಿಡುತ್ತಾನೆ.

ತಿಳಿಯದೆ ಮಾಡಿದ್ದು ತಪ್ಪೇ? ಯಾಜಕಕಾಂಡದ 4ನೇ ಅಧ್ಯಾಯ ಹೌದು ಎನ್ನುತ್ತದೆ, ಆದರೆ ಹೊಣೆಗೆ ತಕ್ಕ ಅಳತೆಯಿದೆ: ಮಹಾಯಾಜಕ ತಪ್ಪಿದರೆ ಹೋರಿ, ಅಧಿಪತಿಯಾದರೆ ಹೋತ, ಸಾಮಾನ್ಯನಾದರೆ ಹೆಣ್ಣು ಆಡು ಅಥವಾ ಹೆಣ್ಣು ಕುರಿ. ಯೇಸು ಹೇಳಿದ ಸಾಮತಿಯಲ್ಲಿ (ದೃಷ್ಟಾಂತ ಕಥೆಯಲ್ಲಿ) ಯಜಮಾನನ ಇಷ್ಟ ಗೊತ್ತಿದ್ದೂ ಮಾಡದ ಆಳಿಗೆ ಹೆಚ್ಚು ಪೆಟ್ಟು, ಗೊತ್ತಿಲ್ಲದವನಿಗೆ ಕಡಿಮೆ (ಲೂಕ 12:47-48). ಕಥೋಲಿಕ ಧರ್ಮೋಪದೇಶ ಇದನ್ನೇ ಮುಂದುವರಿಸಿ, ಸತ್ಯ ಹುಡುಕಲು ಮನಸ್ಸಿಲ್ಲದೆ ಉಳಿದ ಅಜ್ಞಾನಕ್ಕೆ ಮನುಷ್ಯನೇ ಹೊಣೆ, ತನ್ನಿಂದ ನೀಗಿಸಲಾಗದ ಅಜ್ಞಾನಕ್ಕೆ ಅಲ್ಲ ಎನ್ನುತ್ತದೆ. ತಮ್ಮ ತಪ್ಪಿಲ್ಲದೆ ಕ್ರಿಸ್ತನನ್ನು ಅರಿಯದೆ, ಪ್ರಾಮಾಣಿಕವಾಗಿ ದೇವರನ್ನು ಅರಸಿ ಮನಸ್ಸಾಕ್ಷಿಯಂತೆ ಬಾಳುವವರಿಗೂ ರಕ್ಷಣೆ ಸಾಧ್ಯವೆಂದು ಕಥೋಲಿಕ ಧರ್ಮಾಧ್ಯಕ್ಷರು ಸೇರಿದ್ದ 2ನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಹೇಳಿತು. ಪ್ರಾಟೆಸ್ಟೆಂಟರಲ್ಲಿ ಹಲವರು ರೋಮಾಪುರದವರಿಗೆ ಬರೆದ ಪತ್ರದ ಮೊದಲ ಅಧ್ಯಾಯವನ್ನು ಮುಂದಿಟ್ಟು, ಸೃಷ್ಟಿಯೇ ದೇವರನ್ನು ತೋರಿಸುವಾಗ ಯಾರಿಗೂ ನೆಪವಿಲ್ಲ ಎಂದು ಒತ್ತಿ ಹೇಳುತ್ತಾರೆ. ಈ ಭಿನ್ನಾಭಿಪ್ರಾಯ ನಿಜವಾದದ್ದು, ಮುಚ್ಚಿಡುವ ಅಗತ್ಯವಿಲ್ಲ.

ಒಂದು ಎಚ್ಚರಿಕೆಯನ್ನು ಮಾತ್ರ ಎರಡೂ ಕಡೆಯವರು ಪಾಲಿಸಬೇಕು. ಅಜ್ಞಾನಿ ಎಂಬುದು ಪಕ್ಕದ ಮನೆಯವರಿಗೆ ಅಂಟಿಸುವ ಹೆಸರಲ್ಲ. ಅಥೆನ್ಸಿನಲ್ಲಿ ಪೌಲನು 'ಅರಿಯದ ದೇವರಿಗೆ' ಎಂದು ಬರೆದಿದ್ದ ಬಲಿಪೀಠವನ್ನು ಕಂಡಾಗ ಹಳಿಯಲಿಲ್ಲ. ಅಲ್ಲಿಂದಲೇ ಮಾತು ಆರಂಭಿಸಿ ಆ ಊರವರು ಬಲ್ಲ ಕವಿಗಳ ಸಾಲನ್ನೇ ಎತ್ತಿಕೊಂಡ (ಅಪೊಸ್ತಲರ ಕೃತ್ಯಗಳು 17).

ಹಾಗಾದರೆ ದೇವರನ್ನು ಅರಿಯುವುದೆಂದರೇನು? ನಿತ್ಯಜೀವವೆಂದರೆ ಒಬ್ಬನೇ ಸತ್ಯದೇವರನ್ನೂ ಆತನು ಕಳುಹಿಸಿದ ಯೇಸು ಕ್ರಿಸ್ತನನ್ನೂ ಅರಿಯುವುದು ಎಂಬುದು ಯೋಹಾನನ ಶುಭಸಂದೇಶದ ಮಾತು (17:3). ಈ ಅರಿವು ಬರೀ ಬಾಯಿಪಾಠವಲ್ಲ. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ ಎಂದು ಅಡಿಕೆಯ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣದ ಲೆಕ್ಕ ಬಾಯಿಪಾಠವಿದ್ದರೂ, ಮಳೆ ಹಿಡಿಯುವ ಮೊದಲು ಮರಕ್ಕೆ ಹೊಡೆಯದಿದ್ದರೆ ಅಡಿಕೆ ಕೊಳೆಯುತ್ತದೆ. ಆತನನ್ನು ಬಲ್ಲೆ ಎಂದು ಹೇಳಿಯೂ ಆಜ್ಞೆ ಪಾಲಿಸದವನು ಸುಳ್ಳುಗಾರ ಎಂದು ಯೋಹಾನನ ಮೊದಲ ಪತ್ರ ಅಂಥವನನ್ನು ನೇರವಾಗಿ ಕರೆಯುತ್ತದೆ (2:4).

ಆರಂಭಿಸುವವರಿಗೆ ದಾರಿ ಹೀಗಿದೆ. ಮಾರ್ಕನ ಶುಭಸಂದೇಶದಲ್ಲಿ 16 ಅಧ್ಯಾಯ, ಯೋಹಾನನದರಲ್ಲಿ 21, ಯೋಹಾನನ ಮೊದಲ ಪತ್ರದಲ್ಲಿ 5. ದಿನಕ್ಕೊಂದರಂತೆ ಓದಿದರೆ 42 ದಿನ, ಅಂದರೆ ಸರಿಯಾಗಿ ಆರು ವಾರ. ತೀರ್ಥಹಳ್ಳಿ, ಹೊಸನಗರದ ಒಳಹಳ್ಳಿಗಳಲ್ಲಿ ಮಳೆ ಜೋರಾಗಿ ಚರ್ಚಿಗೆ ಹೋಗಲು ಕಷ್ಟವಾಗುವ ದಿನಗಳಿಗೆ ಇದು ಒಳ್ಳೆಯ ಕ್ರಮ. ಅಧ್ಯಾಯವನ್ನು ಗಟ್ಟಿಯಾಗಿ ಒಮ್ಮೆ ಓದಿ, ಮನ ತಟ್ಟಿದ ಹತ್ತು ಹದಿನೈದು ವಚನಗಳನ್ನು ಮತ್ತೊಮ್ಮೆ ನಿಧಾನವಾಗಿ ಓದಿ. ಇಲ್ಲಿ ದೇವರು ಎಂಥವನಾಗಿ ಕಾಣುತ್ತಾನೆ ಎಂಬುದನ್ನೇ ಮೊದಲು ಕೇಳಿಕೊಳ್ಳಿ, ನನಗೇನು ಸಿಕ್ಕಿತು ಎಂಬ ಪ್ರಶ್ನೆ ಆಮೇಲೆ. ಐದು ನಿಮಿಷ ಸುಮ್ಮನೆ ಕುಳಿತು, ಓದಿದ್ದನ್ನೇ ಹಿಡಿದು ಸ್ವಂತ ಮಾತಿನಲ್ಲಿ ಪ್ರಾರ್ಥಿಸಿ.

ಕೆಡುವುದು ಎಲ್ಲಿ? ಕಣ್ಣುಮುಚ್ಚಿ ಪುಟ ತೆರೆದು, ಬೆರಳಿಟ್ಟ ವಚನವನ್ನು ಶಕುನದಂತೆ ತೆಗೆದುಕೊಳ್ಳುವವರಿದ್ದಾರೆ. ಹಿಂದುಮುಂದು ಗೊತ್ತಿಲ್ಲದ ವಚನ ಓದುವವರ ಆಸೆಯನ್ನೇ ಮರುನುಡಿಯುತ್ತದೆ. ಇದಕ್ಕಿಂತ ದೊಡ್ಡ ತೊಂದರೆ ಭಾಷೆಯದು. ನಮ್ಮ ಕಡೆ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ಕೊಂಕಣಿ ಅಥವಾ ತಮಿಳು, ಚರ್ಚಿನ ಬಲಿಪೂಜೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಪ್ರಾರ್ಥನೆ ಮೂರು ಭಾಷೆಯಲ್ಲೂ ಬಾಯಿಗೆ ಬರುತ್ತದೆ, ಒಂದರಲ್ಲೂ ಅರ್ಥ ಇಳಿದಿರುವುದಿಲ್ಲ. ಪ್ರಥಮ ಪರಮಪ್ರಸಾದ (ಬಲಿಪೂಜೆಯ ಪವಿತ್ರ ರೊಟ್ಟಿಯನ್ನು ಮೊದಲ ಸಲ ಸ್ವೀಕರಿಸುವುದು), ದೃಢೀಕರಣ ಸಂಸ್ಕಾರ ಮುಗಿದ ಮೇಲೆ ಧರ್ಮೋಪದೇಶವೂ ನಿಂತುಹೋಗುತ್ತದೆ. ಮಗು ಅಳುವುದು, ಜಗಳವಾಡುವುದು ಯಾವ ಭಾಷೆಯಲ್ಲೋ ಅದರಲ್ಲೇ 'ಪರಲೋಕದಲ್ಲಿರುವ ನಮ್ಮ ತಂದೆಯೇ' ಪ್ರಾರ್ಥನೆಯ ಒಂದೊಂದು ಸಾಲನ್ನು ಬಿಡಿಸಿ ಹೇಳಿ. ವಾರಕ್ಕೆ ಒಂದು ಸಾಲು ಸಾಕು.

ಪಾಪನಿವೇದನೆಗೆ ಮುನ್ನ ಆತ್ಮಪರೀಕ್ಷೆ ಮಾಡಿಕೊಳ್ಳುವ ದೊಡ್ಡವರು ಯೆರೆಮೀಯನ 22ನೇ ಅಧ್ಯಾಯವನ್ನು ಬಿಡಬಾರದು. ಕೂಲಿ ಕೊಡದೆ ದುಡಿಸಿಕೊಂಡು ಅರಮನೆ ಕಟ್ಟಿಸಿದ ರಾಜ ಯೆಹೋಯಾಕೀಮನಿಗೆ ಪ್ರವಾದಿ ಅವನ ತಂದೆ ಯೋಷೀಯನನ್ನು ನೆನಪಿಸುತ್ತಾನೆ: ಅವನು ದೀನದರಿದ್ರರಿಗೆ ನ್ಯಾಯ ದೊರಕಿಸಿದ, ನನ್ನನ್ನು ಅರಿಯುವುದು ಎಂದರೆ ಇದೇ ಅಲ್ಲವೇ ಎಂದು ಕೇಳುವವನು ಅಲ್ಲಿ ದೇವರೇ. ಅಡಿಕೆ ಕೊನೆಕೊಯ್ಲಿಗೆ ಬಂದವರ, ಕಾಫಿ ತೋಟದ ಆಳುಗಳ ಬಾಕಿ ಕೂಲಿಯನ್ನು ಚುಕ್ತಾ ಮಾಡಿಯೇ ಆ ಭಾನುವಾರ ಪರಮಪ್ರಸಾದಕ್ಕೆ ಹೋಗಿ.