ಲೇಕ್ ಟ್ರೌಟ್‌ಗೆ ಗಾಳ ಮನೆಯಲ್ಲೇ ಕಟ್ಟಿ, ಎರೆ ಮೀನು ಈಜಲಿ

ಅಂಗಡಿಯಲ್ಲಿ ಸಿಗುವ, ದಾರ, ಕೊಕ್ಕೆ, ಭಾರ ಜೋಡಿಸಿದ ರೆಡಿಮೇಡ್ ರಿಗ್‌ಗಳ ಮೇಲೆ ನನ್ನ ತಕರಾರು ಒಂದೇ: ಎಲ್ಲವೂ ದಪ್ಪ. ದಾರ ದಪ್ಪ, ಕೊಕ್ಕೆ ದೊಡ್ಡದು, ನಡುವೆ ಬೇಡದ ಮಣಿ, ಮಿನುಗುವ ತಗಡು. ಇಷ್ಟನ್ನು ಎಳೆದುಕೊಂಡು, ಕೊಕ್ಕೆಗೆ ಎರೆಯಾಗಿ ಸಿಕ್ಕಿಸಿದ ಬೆರಳುದ್ದದ ಮೀನು ಎಷ್ಟು ಹೊತ್ತು ಈಜೀತು? ಸುಸ್ತಾಗಿ ಪಕ್ಕಕ್ಕೆ ವಾಲುತ್ತದೆ. ಆಮೇಲೆ ಅದು ಜೀವಂತ ಎರೆ ಅಂತ ಹೆಸರಿಗೆ ಮಾತ್ರ.

ಕೆನಡಾದ ಒಂಟಾರಿಯೊದಲ್ಲಿ ನನ್ನ ದೋಣಿ ಹತ್ತುವ ಕನ್ನಡದವರಲ್ಲಿ ಊರಿನ ಹೊಳೆಯಲ್ಲಿ ಎರೆಹುಳು ಸಿಕ್ಕಿಸಿ ಗಾಳ ಹಾಕಿದವರು ಜಾಸ್ತಿ. ಕೈ ಅವರಿಗೆ ಚೆನ್ನಾಗಿ ಪಳಗಿರುತ್ತದೆ. ಆದರೆ ಲೇಕ್ ಟ್ರೌಟ್ ಎಂಬ ಸರೋವರದ ಮೀನಿನದು ಬೇರೆ ಲೆಕ್ಕ. ಅದಕ್ಕೆ ತಣ್ಣೀರೇ ಬೇಕು, ಸುಮಾರು 10 ಡಿಗ್ರಿ ಸೆಲ್ಸಿಯಸ್. ಹಾಗಾಗಿ ಬೇಸಿಗೆಯಲ್ಲಿ ಮೇಲಿನ ನೀರು ಬೆಚ್ಚಗಾದ ಕೂಡಲೇ 15, 20, ಕೆಲವೊಮ್ಮೆ 30 ಮೀಟರ್ ಆಳಕ್ಕೆ ಇಳಿದುಬಿಡುತ್ತದೆ. ಅದು ಇರುವ ಸರೋವರಗಳ ನೀರು ಸಾಮಾನ್ಯವಾಗಿ ತುಂಬಾ ತಿಳಿ. ಅಷ್ಟು ಆಳಕ್ಕೆ ಇಳಿಸಲು ಭಾರ ಬೇಕು, ಆದರೆ ಆ ಭಾರ ಎರೆ ಮೀನಿನ ಮೇಲೆ ಬೀಳಬಾರದು. ರಿಗ್ ಕಟ್ಟುವವರು ಬಿಡಿಸಬೇಕಾದ ಗಂಟು ಇದೇ.

ನಾನು ಕಟ್ಟುವುದು ದಾರ ಹುರಿಗೊಳ್ಳದಂತೆ ತಿರುಗುವ ಮೂರು ಕಣ್ಣಿನ ಲೋಹದ ಕೊಂಡಿ, ಅಂದರೆ ಸ್ವಿವೆಲ್‌ನಿಂದ. ಒಂದು ಕಣ್ಣಿಗೆ ರೀಲಿನಿಂದ ಬರುವ ಹೆಣೆದ ದಾರ. ಇನ್ನೊಂದಕ್ಕೆ ಮೊಳದಷ್ಟು ದಾರದಲ್ಲಿ ಗುಂಡು, ಅಂದರೆ ಗಾಳವನ್ನು ಮುಳುಗಿಸುವ ಭಾರ. ಈ ಗುಂಡಿನ ದಾರ ಉಳಿದೆಲ್ಲದಕ್ಕಿಂತ ದುರ್ಬಲವಾಗಿರಲಿ. ಬಂಡೆಗೆ ಸಿಕ್ಕಿದರೆ ಗುಂಡು ಮಾತ್ರ ಹೋಗುತ್ತದೆ, ಮೀನು ಉಳಿಯುತ್ತದೆ. ಮೂರನೆಯ ಕಣ್ಣಿಗೆ 8ರಿಂದ 12 ಪೌಂಡು ಎಳೆತ ತಾಳುವ ಫ್ಲೋರೋಕಾರ್ಬನ್ (ನೀರಲ್ಲಿ ಅಷ್ಟಾಗಿ ಕಾಣದ ಪ್ಲಾಸ್ಟಿಕ್ ದಾರ) ಲೀಡರ್, ಅಂದರೆ ಕೊಕ್ಕೆಯ ಕಡೆಯ ತುದಿದಾರ, ಒಂದು ಮೀಟರಿಗೆ ಕಡಿಮೆ ಬೇಡ. ಅದರ ತುದಿಗೆ 4 ಅಥವಾ 2ನೇ ನಂಬರಿನ ತೆಳು ತಂತಿಯ ಒಂಟಿ ಕೊಕ್ಕೆ. ಎರೆ ದೊಡ್ಡದಿದ್ದರೆ ಮಾತ್ರ ನಾಲ್ಕು ಬೆರಳು ಅಂತರದಲ್ಲಿ ಎರಡನೆಯ ಕೊಕ್ಕೆ.

ಗುಂಡು ಸೀಸದ್ದು ಬೇಡ, ದಯವಿಟ್ಟು. ಇಲ್ಲಿನ ಲೂನ್ ಹಕ್ಕಿಗಳು ಕಲ್ಲಿನ ಜೊತೆ ಅದನ್ನೂ ನುಂಗಿ ವಿಷವೇರಿ ಸಾಯುತ್ತವೆ. ಕೆನಡಾದ ರಾಷ್ಟ್ರೀಯ ಉದ್ಯಾನಗಳಲ್ಲಿ 50 ಗ್ರಾಂಗಿಂತ ಕಡಿಮೆಯ ಸೀಸದ ಗುಂಡಿಗೆ 1997ರಿಂದಲೇ ನಿಷೇಧವಿದೆ. ಟಂಗ್‌ಸ್ಟನ್ ದುಬಾರಿ ಅನ್ನುವವರು ಉಕ್ಕಿನದನ್ನು ತಗೊಳ್ಳಿ.

ಗಂಟು ಎಳೆಯುವ ಮುಂಚೆ ಎಂಜಲು ಹಚ್ಚಿ ಒದ್ದೆ ಮಾಡಿ, ನಿಧಾನವಾಗಿ ಬಿಗಿಯಿರಿ. ಒಣಗಿದ್ದಾಗ ಜೋರಾಗಿ ಎಳೆದರೆ ಉಜ್ಜಿದ ಬಿಸಿಗೆ ಫ್ಲೋರೋಕಾರ್ಬನ್ ಸೊರಗುತ್ತದೆ. ಬೆಳಕಿಗೆ ಹಿಡಿದು ನೋಡಿ: ಗಂಟಿನ ಬುಡದಲ್ಲಿ ದಾರ ಸುರುಳಿ ಸುತ್ತಿದ್ದರೆ ಅಥವಾ ಬೆಳ್ಳಗೆ ಮಂಕಾಗಿದ್ದರೆ ಕತ್ತರಿಸಿ ಮತ್ತೆ ಕಟ್ಟಿ. ದೊಡ್ಡ ಮೀನು ಕಿತ್ತುಕೊಂಡು ಹೋಗುವುದು ಸಾಮಾನ್ಯವಾಗಿ ಇಲ್ಲಿಂದಲೇ.

ಇನ್ನು ಎರೆ ಮೀನನ್ನು ಪೋಣಿಸುವುದು. ಕೈ ಮೊದಲು ನೀರಿನಲ್ಲಿ ಅದ್ದಿ. ದೋಣಿ ನಿಂತಿದ್ದರೆ ಬೆನ್ನ ರೆಕ್ಕೆಯ ಹಿಂದೆ, ಚರ್ಮದ ಕೆಳಗೆ ಸ್ವಲ್ಪವೇ ಮಾಂಸ ಹಿಡಿಯುವ ಹಾಗೆ ಚುಚ್ಚಿ. ಬೆನ್ನುಮೂಳೆಗೆ ತಾಗಿದರೆ ಬಾಲ ಆಡುವುದು ನಿಂತೇ ಹೋಗುತ್ತದೆ. ದೋಣಿ ತೇಲುತ್ತಾ ಹೋಗುತ್ತಿದ್ದರೆ ತುಟಿಗೆ ಚುಚ್ಚಿ, ಇಲ್ಲದಿದ್ದರೆ ಎರೆ ಹಿಂದುಮುಂದಾಗಿ ಎಳೆದುಕೊಂಡು ಬರುತ್ತದೆ. ಎರೆ ಮೀನುಗಳನ್ನು ಇಟ್ಟ ಬಕೆಟ್ಟಿಗೆ ನಲ್ಲಿ ನೀರು ಹಾಕಲೇಬೇಡಿ, ಅದರ ಕ್ಲೋರಿನ್ನೇ ಅವನ್ನು ಕೊಲ್ಲುತ್ತದೆ.

ಮೀನು ಕಚ್ಚಿದಾಗ "ಪೂರ್ತಿ ನುಂಗಲಿ" ಅಂತ ಕಾಯುವವರನ್ನು ಕಂಡರೆ ನನಗೆ ಬೇಜಾರು. ಕೊಕ್ಕೆ ಹೊಟ್ಟೆಗೆ ಇಳಿದರೆ ಆ ಮೀನನ್ನು ವಾಪಸ್ ಬಿಟ್ಟರೂ ಬದುಕುವುದು ಕಷ್ಟ. ಲೇಕ್ ಟ್ರೌಟ್ ತುಂಬಾ ನಿಧಾನವಾಗಿ ಬೆಳೆಯುವ ಮೀನು, ಮೊಟ್ಟೆ ಇಡುವ ವಯಸ್ಸಿಗೆ ಬರಲು ವರ್ಷಗಳೇ ಬೇಕು. ದಾರ ಬಿಗಿಯಾದ ತಕ್ಷಣ ಸುತ್ತಿಕೊಳ್ಳಿ. ಎರಡನೆಯ ಕೊಕ್ಕೆ ಇರುವುದೂ ಇದಕ್ಕೇ, ಕಾಯಬೇಕಾಗಿಲ್ಲ ಅಂತ.

ಕಾನೂನನ್ನೂ ನೋಡಿಕೊಳ್ಳಿ. ಒಂಟಾರಿಯೊದ ಅಲ್ಗೊಂಕ್ವಿನ್ ಪಾರ್ಕಿನಲ್ಲಿ ಜೀವಂತ ಎರೆ ಮೀನು ಬಳಸುವ ಹಾಗೇ ಇಲ್ಲ. ಬೇರೆ ಕಡೆಯೂ ಒಂದು ವಲಯದ ಎರೆಯನ್ನು ಇನ್ನೊಂದಕ್ಕೆ ಒಯ್ಯುವಂತಿಲ್ಲ, ಅದಕ್ಕೇ ಹೋದ ಊರಿನಲ್ಲೇ ಕೊಂಡು ರಸೀದಿ ಜೇಬಲ್ಲಿಡಿ. ಮಿಕ್ಕ ಎರೆಯನ್ನು ಪಾಪ ಅಂತ ಸರೋವರಕ್ಕೆ ಬಿಡಬೇಡಿ. ಬಕೆಟ್ಟಿನ ನೀರನ್ನೂ ದಡದಿಂದ 30 ಮೀಟರ್ ಆಚೆ, ನೆಲದ ಮೇಲೆ ಚೆಲ್ಲಿ.