ಎಸ್‌ಎಂಪಿಎಸ್ ಬದಲಿಸುವಾಗ ಹಳೆಯ ಕೇಬಲ್ ಉಳಿಸಿಕೊಳ್ಳಬೇಡಿ

ಗುಂಡಿ ಒತ್ತಿದರೂ ಡೆಸ್ಕ್‌ಟಾಪ್ ಮಿಸುಕದಿದ್ದರೆ ಮೊದಲ ಅನುಮಾನ ವಿದ್ಯುತ್ ಪೂರೈಸುವ ಪೆಟ್ಟಿಗೆಯಾದ ಎಸ್‌ಎಂಪಿಎಸ್ ಮೇಲೆ. ಗೋಡೆಯಿಂದ ಬರುವ 230 ವೋಲ್ಟ್ ಎಸಿಯನ್ನು 12, 5 ಮತ್ತು 3.3 ವೋಲ್ಟ್ ಡಿಸಿಯಾಗಿ ಹಂಚುವುದು ಅದರ ಕೆಲಸ. ಬಣ್ಣದ ತಂತಿಗಳಿದ್ದರೆ ಹಳದಿ 12, ಕೆಂಪು 5, ಕಿತ್ತಳೆ 3.3, ಕಪ್ಪು ಗ್ರೌಂಡ್. ಶೇಕಡ 5ರಷ್ಟು ಏರಿಳಿತ ಸಲ್ಲುತ್ತದೆ. ಯಂತ್ರ ಓಡುತ್ತಿರುವಾಗ ಹಳದಿ ತಂತಿಯಲ್ಲಿ ಮಲ್ಟಿಮೀಟರ್ 11.4ಕ್ಕಿಂತ ಕೆಳಗೆ ತೋರಿಸಿದರೆ ಪೆಟ್ಟಿಗೆ ಸೋತಿದೆ ಎಂದೇ ಲೆಕ್ಕ.

ಬದಲಿಸುವ ಮೊದಲು ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಿರಿ. ಆದರೂ ಪೆಟ್ಟಿಗೆಯನ್ನು ಮಾತ್ರ ಎಂದಿಗೂ ಬಿಚ್ಚಬೇಡಿ. ಒಳಗಿನ ದೊಡ್ಡ ಕೆಪಾಸಿಟರ್ 300 ವೋಲ್ಟ್‌ಗೂ ಮೀರಿದ ವಿದ್ಯುತ್ತನ್ನು ಪ್ಲಗ್ ಕಿತ್ತ ಮೇಲೂ ಹಿಡಿದಿಟ್ಟುಕೊಂಡಿರಬಹುದು.

ಮದರ್‌ಬೋರ್ಡಿನ 24 ಪಿನ್ ಕನೆಕ್ಟರ್ ಬಿಗಿಯಾಗಿರುತ್ತದೆ. ಪಕ್ಕದ ಕೊಕ್ಕೆಯನ್ನು ಹೆಬ್ಬೆರಳಿನಿಂದ ಒತ್ತಿ, ಇನ್ನೊಂದು ಕೈಯಿಂದ ಬೋರ್ಡಿಗೆ ಆಸರೆ ಕೊಟ್ಟು, ಕನೆಕ್ಟರನ್ನು ಅತ್ತಿತ್ತ ಸ್ವಲ್ಪ ಸ್ವಲ್ಪವೇ ಅಲುಗಿಸುತ್ತ ಮೇಲೆತ್ತಿ. ತಂತಿ ಹಿಡಿದು ಎಳೆದರೆ ಪಿನ್ನೇ ಕಿತ್ತು ಬಂದೀತು. ಹಿಂಬದಿಯ ನಾಲ್ಕು ಸ್ಕ್ರೂ ತೆಗೆದರೆ ಪೆಟ್ಟಿಗೆ ಹೊರಬರುತ್ತದೆ.

ಎಡವುವುದು ಜೋಡಣೆಯಲ್ಲಿ. ಪ್ರೊಸೆಸರ್‌ಗೂ ಗ್ರಾಫಿಕ್ಸ್ ಕಾರ್ಡಿಗೂ 8 ಪಿನ್ ಕನೆಕ್ಟರ್‌ಗಳಿವೆ, ನೋಡಲು ಅಣ್ಣತಮ್ಮಂದಿರಂತೆ. ಪ್ರೊಸೆಸರಿನದು ಸಾಮಾನ್ಯವಾಗಿ 4+4 ಆಗಿ, ಕಾರ್ಡಿನದು 6+2 ಆಗಿ ಬಿಡಿಸಿಕೊಳ್ಳುತ್ತದೆ. ಒಂದರಲ್ಲಿ 12 ವೋಲ್ಟ್ ಇರುವ ಸಾಲಿನಲ್ಲಿ ಇನ್ನೊಂದರ ಗ್ರೌಂಡ್ ಇರುತ್ತದೆ. ಸಲೀಸಾಗಿ ಕೂರದಿದ್ದರೆ ಬಲ ಹಾಕದೆ ತಿರುಗಿಸಿ ನೋಡಿ.

ಇದಕ್ಕಿಂತ ಅಪಾಯ ಎರಡೂ ತುದಿಯಲ್ಲಿ ಬಿಚ್ಚಬಹುದಾದ ಮಾಡ್ಯುಲರ್ ಕೇಬಲ್‌ಗಳದ್ದು. ಕ್ಯಾಬಿನೆಟ್ಟಿನ ಹಿಂದೆ ನೀಟಾಗಿ ಕಟ್ಟಿದ್ದ, ಹಾರ್ಡ್ ಡಿಸ್ಕಿಗೆ ವಿದ್ಯುತ್ ಒಯ್ಯುವ ಸಾಟಾ ಕೇಬಲನ್ನು ಬಿಚ್ಚಲು ಬೇಸರವಾಗಿ, ಅದನ್ನೇ ಹೊಸ ಎಸ್‌ಎಂಪಿಎಸ್‌ಗೆ ಚುಚ್ಚಿದ್ದೆ. ಹಿತವಾಗಿ ಕುಳಿತಿತು. ಸ್ವಿಚ್ ಹಾಕಿದ ಕೂಡಲೇ ಸುಟ್ಟ ವಾಸನೆ. ನಾಲ್ಕು ವರ್ಷದ ಫೋಟೋಗಳಿದ್ದ ಹಾರ್ಡ್ ಡಿಸ್ಕ್ ಮತ್ತೆ ತಿರುಗಲಿಲ್ಲ. ಡಿಸ್ಕಿನ ತುದಿ ಎಲ್ಲದರಲ್ಲೂ ಒಂದೇ ಮಾದರಿ, ಆದರೆ ಎಸ್‌ಎಂಪಿಎಸ್ ತುದಿಯ ಪಿನ್ ಕ್ರಮಕ್ಕೆ ಸಾಮಾನ್ಯ ನಿಯಮವಿಲ್ಲ. ಒಂದೇ ಕಂಪನಿಯ ಎರಡು ಮಾದರಿಗಳಲ್ಲೂ ಅದು ಬೇರೆಯಾಗಿರಬಹುದು. ಹಳೆಯ ಕೇಬಲ್‌ಗಳನ್ನು ಹಳೆಯ ಪೆಟ್ಟಿಗೆಯ ಜೊತೆಯಲ್ಲೇ ಕಟ್ಟಿಡಿ.

ಹಿಂಬದಿಯಲ್ಲಿ 115/230 ಎಂಬ ಕೆಂಪು ಸ್ವಿಚ್ ಇದ್ದರೆ ಅದು 230ರಲ್ಲೇ ಇರಲಿ. ಗುಂಡಿ ಒತ್ತಿದ ಮೇಲೆ ಅರೆಕ್ಷಣ ತಡವಾದರೆ ಗಾಬರಿ ಬೇಡ: ವೋಲ್ಟೇಜ್‌ಗಳು ಸ್ಥಿರವಾದ ಮೇಲೆ 100ರಿಂದ 500 ಮಿಲಿಸೆಕೆಂಡಿನೊಳಗೆ ಎಸ್‌ಎಂಪಿಎಸ್ ಬೂದು ತಂತಿಯಲ್ಲಿ ‘ಸರಿಯಿದೆ’ ಎಂಬ ಸಂಕೇತ ಕಳಿಸುತ್ತದೆ, ಪ್ರೊಸೆಸರ್ ಕೆಲಸ ಶುರು ಮಾಡುವುದು ಆಮೇಲೆಯೇ.